ಪಾಪ, ಪಶ್ಚಾತ್ತಾಪ, ಪ್ರಾಯಶ್ಚಿತ್ತ: ಕನ್ನಡ ಪರಂಪರೆಯ ಬೆಳಕಿನಲ್ಲಿ

ಶ್ರೀಮಠಕ್ಕೆ ಬರುವ ಸದ್ಭಕ್ತರು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಎದುರಾಗುತ್ತದೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಪರಿಹಾರವೇನು? ಯಾವ ಪೂಜೆ ಮಾಡಿಸಬೇಕು, ಯಾವ ಕ್ಷೇತ್ರಕ್ಕೆ ಹೋಗಬೇಕು, ಎಷ್ಟು ಕಾಣಿಕೆ ಸಲ್ಲಿಸಬೇಕು? ಒಡಹುಟ್ಟಿದವರ ಪಾಲಿನ ಹೊಲವನ್ನು ತಪ್ಪಿಸಿದವರು, ತಂದೆತಾಯಿಯರ ಕೊನೆಗಾಲದಲ್ಲಿ ಬಳಿಯಲ್ಲಿರದವರು, ನಂಬಿದವರಿಗೆ ಕೊಟ್ಟ ಮಾತು ಮುರಿದವರು ಹೀಗೆ ಕೇಳುವಾಗ ಅವರ ನೋವು ನಿಜವಾದುದೇ ಆಗಿರುತ್ತದೆ. ಈ ಪ್ರಶ್ನೆಗೆ ನಮ್ಮ ಧರ್ಮಚಿಂತನೆಯೂ ಸಾಹಿತ್ಯವೂ ಕೊಟ್ಟಿರುವ ಉತ್ತರಗಳನ್ನು ಸಂಗ್ರಹವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಪದಗಳ ಅರ್ಥ

ಪಶ್ಚಾತ್ ಎಂದರೆ ಅನಂತರ, ತಾಪವೆಂದರೆ ಬೇಗೆ. ಮಾಡಿದ ಮೇಲೆ ಒಳಗೆ ಏಳುವ ಬೇಗೆಯೇ ಪಶ್ಚಾತ್ತಾಪ. ಅನುತಾಪವೆಂಬುದೂ ಇದೇ ಅರ್ಥದ ಮಾತು. ಪ್ರಾಯಶ್ಚಿತ್ತ ಪದವನ್ನು ಹಿಂದಿನವರು ತಪಸ್ಸು ಎಂಬರ್ಥದ ‘ಪ್ರಾಯ’ ಮತ್ತು ನಿಶ್ಚಯವೆಂಬರ್ಥದ ‘ಚಿತ್ತ’ ಎಂದು ಬಿಡಿಸಿ ವಿವರಿಸಿದ್ದಾರೆ. ಮೊದಲನೆಯದು ಮನಸ್ಸಿನಲ್ಲಿ ನಡೆಯುವಂಥದು, ಎರಡನೆಯದು ಕ್ರಿಯೆಯಲ್ಲಿ ತೋರುವಂಥದು. ಇತ್ತೀಚಿನ ವಿಮರ್ಶೆಯಲ್ಲಿ ಬಳಕೆಯಾಗುವ ಅಪರಾಧಪ್ರಜ್ಞೆ, ಪಾಪಪ್ರಜ್ಞೆ ಎಂಬ ಪದಗಳು ತಪ್ಪಿನ ಭಾರವನ್ನಷ್ಟೇ ಸೂಚಿಸುತ್ತವೆ. ಭಾರವಿದ್ದ ಮಾತ್ರಕ್ಕೆ ಬೇಗೆ ಹುಟ್ಟಬೇಕೆಂದಿಲ್ಲ. ಬೇಗೆ ಹುಟ್ಟಿದ ಮಾತ್ರಕ್ಕೆ ನಡೆ ಬದಲಾಗಬೇಕೆಂದೂ ಇಲ್ಲ. ಮುಂದೆ ಹೇಳುವ ಎಲ್ಲ ನಿದರ್ಶನಗಳಲ್ಲಿಯೂ ಈ ಭೇದವೇ ಮುಖ್ಯವಾದುದು.

ಧರ್ಮಶಾಸ್ತ್ರದ ಮಾರ್ಗ

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಹುಟ್ಟಿತು. ಆ ಸ್ಮೃತಿಯ ಮೂರನೆಯ ಭಾಗವೇ ಪ್ರಾಯಶ್ಚಿತ್ತಾಧ್ಯಾಯ. ತಿಳಿಯದೆ ಮಾಡಿದ ಪಾಪವನ್ನೂ ಬೇಕೆಂದೇ ಮಾಡಿದ ಪಾಪವನ್ನೂ ಅದು ಬೇರೆಯಾಗಿ ಎಣಿಸುತ್ತದೆ. ಪಾಪಕ್ಕೆ ಎರಡು ಶಕ್ತಿಗಳುಂಟು ಎಂಬುದು ವಿಜ್ಞಾನೇಶ್ವರನ ವಿವರಣೆ: ಒಂದು ನರಕಕ್ಕೆ ಒಯ್ಯುವುದು, ಇನ್ನೊಂದು ಸಮಾಜದೊಡನೆ ವ್ಯವಹರಿಸದಂತೆ ತಡೆಯುವುದು. ಪಾಪವು ಜೀವಕ್ಕೂ ನೆರೆಹೊರೆಗೂ ಒಟ್ಟಿಗೆ ಸಂಬಂಧಿಸಿದ್ದೆಂಬ ಈ ಅರಿವು ಬೆಲೆಯುಳ್ಳದ್ದು.

ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವೂ ತಪ್ಪನ್ನು ಬಾಯ್ಬಿಟ್ಟು ಹೇಳುವುದು, ಅನುತಾಪ, ತಪಸ್ಸು, ಅಧ್ಯಯನ, ದಾನ ಇವುಗಳನ್ನು ಬಿಡುಗಡೆಯ ಸಾಧನಗಳೆಂದು ಎಣಿಸಿ, ಮತ್ತೆ ಮಾಡೆನೆಂಬ ಸಂಕಲ್ಪಕ್ಕೆ ಒತ್ತು ಕೊಡುತ್ತದೆ. ಆದರೆ ಇದೇ ಶಾಸ್ತ್ರದಲ್ಲಿ ಕೊಲೆಯಾದವನ ವರ್ಣವನ್ನು ನೋಡಿ ಪ್ರಾಯಶ್ಚಿತ್ತದ ಪ್ರಮಾಣ ಏರುತ್ತದೆ, ಇಳಿಯುತ್ತದೆ. ಜೀವಗಳಿಗೆ ಬೇರೆ ಬೇರೆ ಬೆಲೆ ಕಟ್ಟುವ ಈ ತಕ್ಕಡಿಯನ್ನು ಶರಣರು ಒಪ್ಪಲಿಲ್ಲ.

ಜೈನ ಕಾವ್ಯಗಳ ಕಾಣ್ಕೆ

ಹಳಗನ್ನಡದ ಜೈನ ಕವಿಗಳು ಪಾಪದ ಸೂಕ್ಷ್ಮವನ್ನು ಬಹಳ ಆಳವಾಗಿ ಶೋಧಿಸಿದ್ದಾರೆ. ಜನ್ನನ ಯಶೋಧರ ಚರಿತೆಯಲ್ಲಿ (1209) ಅರಸ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಅಲ್ಲಿ ಪ್ರಾಣಿ ಸಾಯಲಿಲ್ಲ, ರಕ್ತ ಹರಿಯಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ನಡೆದುಹೋಯಿತು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಕೊನೆಗೆ ಅಭಯರುಚಿ, ಅಭಯಮತಿಯರಾಗಿ ಹುಟ್ಟಿ, ಚಂಡಮಾರಿಯ ಬಲಿಗೆಂದು ತಮ್ಮನ್ನು ತರಿಸಿದ ಮಾರಿದತ್ತನಿಗೆ ತಮ್ಮ ಕಥೆಯನ್ನೇ ಹೇಳುತ್ತಾರೆ. ಅವನು ಹಿಂಸೆಯನ್ನು ತೊರೆಯುತ್ತಾನೆ. ತಾವು ಪಟ್ಟ ಪಾಡು ಇನ್ನೊಬ್ಬನ ಕೈಯ ಕತ್ತಿಯನ್ನು ಇಳಿಸಿತೆಂಬುದೇ ಈ ಕಾವ್ಯದ ಸಾರ.

ನಾಗಚಂದ್ರನ ರಾಮಚಂದ್ರಚರಿತಪುರಾಣದ ರಾವಣನದು ಇನ್ನೊಂದು ಬಗೆ. ಮೂರ್ಛೆಹೋದ ಸೀತೆಯನ್ನು ಕಂಡು ಅವನ ಮನಸ್ಸು ಕಲಕುತ್ತದೆ, ಮೋಹ ಹರಿಯುತ್ತದೆ, ಮಾಡಿದ್ದು ತಪ್ಪೆಂದು ತಿಳಿಯುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂದು ಲೋಕ ನಗುತ್ತದೆಂಬ ಅಂಜಿಕೆ ಅವನಿಗೆ. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದ ಮೇಲೆ ಸೀತೆಯನ್ನು ಮರಳಿಸುವೆನೆಂದು ನಿಶ್ಚಯಿಸಿ ರಣರಂಗದಲ್ಲಿ ಅಳಿಯುತ್ತಾನೆ. ಪಶ್ಚಾತ್ತಾಪ ಬಂದೂ ಅದು ಕ್ರಿಯೆಯಾಗದಂತೆ ಅಭಿಮಾನವು ಅಡ್ಡ ನಿಂತಿತು. ತಪ್ಪೆಂದು ಗೊತ್ತಿದ್ದೂ ನಾಲ್ಕು ಜನರೆದುರು ಒಪ್ಪಲಾರದೆ ಕೋರ್ಟು ಕಚೇರಿ ಅಲೆಯುವ ದಾಯಾದಿಗಳು ಈ ರಾವಣನನ್ನು ನೆನೆಯುವುದು ಒಳ್ಳೆಯದು.

ಶರಣರ ದೃಷ್ಟಿ

ಮಿತಾಕ್ಷರಾ ರಚಿತವಾದ ಕಲ್ಯಾಣದಲ್ಲಿಯೇ, ಕೆಲವು ದಶಕಗಳ ಅನಂತರ, ಶರಣರು ಬೇರೊಂದು ದಾರಿ ತೋರಿದರು. ತೀರ್ಥಸ್ನಾನದಿಂದಲೋ ಹೋಮಹವನದಿಂದಲೋ ಪಾಪ ತೊಳೆದುಹೋಗುವುದೆಂಬ ನಂಬಿಕೆಯನ್ನು ಅವರು ಪ್ರಶ್ನಿಸಿದರು. ನಡೆ ನುಡಿ ಒಂದಾಗುವುದೇ ಅವರ ಪಾಲಿಗೆ ಶುದ್ಧಿ. ಬಸವಣ್ಣನವರ ಅನೇಕ ವಚನಗಳಲ್ಲಿ ತಮ್ಮ ಮನಸ್ಸಿನ ಚಂಚಲತೆಯನ್ನೂ ಕೊರತೆಗಳನ್ನೂ ತಾವೇ ಕೂಡಲಸಂಗಮದೇವನೆದುರು ತೋಡಿಕೊಳ್ಳುವ ಧ್ವನಿಯಿದೆ. ರಾಜ್ಯದ ಭಂಡಾರ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಹೀಗೆ ಬಹಿರಂಗವಾಗಿ ತಮ್ಮನ್ನು ಪರೀಕ್ಷಿಸಿಕೊಂಡುದು ಸಾಮಾನ್ಯ ಸಂಗತಿಯಲ್ಲ.

ಶರಣಪರಂಪರೆ ಹಿಂದಿನ ತಪ್ಪನ್ನು ಹಿಡಿದು ಯಾರಿಗೂ ಬಾಗಿಲು ಮುಚ್ಚಲಿಲ್ಲ. ಕಳವು ಮಾಡಲು ಬಂದ ಪೆದ್ದಣ್ಣನು ಉರಿಲಿಂಗದೇವರ ದೀಕ್ಷಾಕಾರ್ಯವನ್ನು ಕಂಡು ಮನಸ್ಸು ತಿರುಗಿ, ಅವರ ಶಿಷ್ಯನಾಗಿ, ಮುಂದೆ ಉರಿಲಿಂಗಪೆದ್ದಿಯೆಂಬ ವಚನಕಾರನಾಗಿ ಗುರುಪೀಠವನ್ನೇರಿದನೆಂದು ಪರಂಪರೆ ಹೇಳುತ್ತದೆ. ಅಸ್ಪೃಶ್ಯನೆನಿಸಿದ್ದ, ಕಳ್ಳನೆನಿಸಿದ್ದ ಒಬ್ಬನಿಗೆ ಗುರುಸ್ಥಾನ ದೊರೆತುದನ್ನು ನಾವು ಮರೆಯಬಾರದು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಿಳಿಹೇಳಿದರು. ಮಾರಯ್ಯ ಮರಳಿ ಹೋದರು. ಅಲ್ಲಿ ಪಾಪದ ಚರ್ಚೆಯಾಗಲಿ ಪ್ರಾಯಶ್ಚಿತ್ತದ ವಿಧಿಯಾಗಲಿ ನಡೆಯಲಿಲ್ಲ. ಹೆಚ್ಚಾಗಿ ಬಂದದ್ದು ಎಲ್ಲಿಂದ ಬಂತೋ ಅಲ್ಲಿಗೆ ಹೋಯಿತು, ಅಷ್ಟೆ.

ಜನಪದ ಮತ್ತು ಹೊಸಗನ್ನಡ ಸಾಹಿತ್ಯ

ಗೋವಿನ ಹಾಡಿನ ಹುಲಿ ಪುಣ್ಯಕೋಟಿಯ ಸತ್ಯಕ್ಕೆ ಕರಗಿ ಪ್ರಾಣವನ್ನೇ ಬಿಡುತ್ತದೆ. ಕಥೆಯಾಗಿ ಅದು ಹೃದಯವನ್ನು ಕಲಕುತ್ತದೆ. ಬಾಳಿಗೆ ಅದನ್ನು ಮಾದರಿಯಾಗಿ ಹಿಡಿಯಲಾಗದು. ತಪ್ಪಿನ ನೋವಿನಲ್ಲಿ ಜೀವ ಬೇಡವೆನಿಸಿದವರಿಗೆ ಹೇಳಬೇಕಾದುದು ಇಷ್ಟೇ: ಸತ್ತರೆ ಋಣ ತೀರದು, ಬದುಕಿದ್ದರೆ ಮಾತ್ರ ಸರಿಪಡಿಸಬಹುದು. ಅಂಥವರು ನೋವನ್ನು ಒಬ್ಬರೇ ಹೊತ್ತಿರಬಾರದು, ನಂಬಿಕೆಯ ಹಿರಿಯರಲ್ಲಿಯೋ ವೈದ್ಯರಲ್ಲಿಯೋ ಹೇಳಿಕೊಳ್ಳಬೇಕು. ಮನೆಯವರೂ ಅಂಥವರನ್ನು ಒಂಟಿಯಾಗಿ ಬಿಡಬಾರದು.

ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ (1949) ಮಂಥರೆ, ರಾವಣರಂಥವರಿಗೂ ಉದ್ಧಾರದ ದಾರಿಯನ್ನು ತೆರೆಯುತ್ತದೆ. ಅಲ್ಲಿ ಅಗ್ನಿಪರೀಕ್ಷೆಯ ಹೊತ್ತಿಗೆ ರಾಮನೂ ಸೀತೆಯೊಡನೆ ಬೆಂಕಿಯನ್ನು ಹೊಗುತ್ತಾನೆ. ಯು. ಆರ್. ಅನಂತಮೂರ್ತಿಯವರ ಸಂಸ್ಕಾರ (1965) ಕಾದಂಬರಿಯ ಪ್ರಾಣೇಶಾಚಾರ್ಯರು, ನಡೆದುದನ್ನು ಅಗ್ರಹಾರದವರಿಗೆ ಹೇಳಬೇಕೇ ಎಂಬ ಸಂಕಟದಲ್ಲಿಯೇ ಊರಿನತ್ತ ಹೊರಡುತ್ತಾರೆ. ಗೌರವಕ್ಕೆ ಪಾತ್ರನಾದವನಿಗೆ ತಪ್ಪೊಪ್ಪಿಗೆ ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.

ಅನ್ಯಧರ್ಮಗಳ ಮಾತು

ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೊಡನೆಯೇ ಸರಿಪಡಿಸಿಕೊಳ್ಳದೆ ಪ್ರಾಯಶ್ಚಿತ್ತದ ಪವಿತ್ರ ದಿನವೂ ಪಾಪ ಕಳೆಯಲಾರದೆಂದು ಯಹೂದಿಗಳ ಮಿಶ್ನಾ ಹೇಳುತ್ತದೆ. ಇಸ್ಲಾಮಿನ ತೌಬಾದಲ್ಲಿ ತಪ್ಪನ್ನು ನಿಲ್ಲಿಸುವುದು, ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದರ ಜೊತೆಗೆ ಪರರ ಹಕ್ಕನ್ನು ಕಸಿದಿದ್ದರೆ ಅದನ್ನು ಹಿಂದಿರುಗಿಸುವುದೂ ಸೇರಿದೆ. ಬೌದ್ಧಗ್ರಂಥಗಳ ಅಂಗುಲಿಮಾಲನು ಭಿಕ್ಷುವಾದ ಮೇಲೆಯೂ ಜನರ ಕಲ್ಲೇಟನ್ನು ಸಹಿಸಬೇಕಾಯಿತು. ಮನಸ್ಸು ಬದಲಾದವನಿಗೂ ಹಿಂದಿನ ಕರ್ಮದ ಫಲ ಕೂಡಲೇ ತಪ್ಪುವುದಿಲ್ಲವೆಂದು ಇದರಿಂದ ತಿಳಿಯುತ್ತದೆ.

ಭಕ್ತರಿಗೆ ಬಿನ್ನಹ

ಈ ಎಲ್ಲವನ್ನೂ ಕೂಡಿಸಿ ನೋಡಿದಾಗ ಕ್ರಮವೊಂದು ಸ್ಪಷ್ಟವಾಗುತ್ತದೆ. ತಪ್ಪನ್ನು ತಪ್ಪೆಂದು ಅರಿಯುವುದು, ನೊಂದವರ ಮುಂದೆ ಅದನ್ನು ಒಪ್ಪುವುದು, ಕಸಿದುದನ್ನು ಮರಳಿಸುವುದು, ಮತ್ತೆ ಆ ದಾರಿಗೆ ಹೋಗದಿರುವುದು. ನೊಂದವರು ಈಗ ಇಲ್ಲವಾದರೆ ಅವರ ಮಕ್ಕಳಿಗೆ, ಅವರೂ ಇಲ್ಲವಾದರೆ ಅಂಥದೇ ಸ್ಥಿತಿಯಲ್ಲಿರುವವರಿಗೆ ಸಲ್ಲಿಸುವ ಸೇವೆ ದಾಸೋಹವೇ ಆಗುತ್ತದೆ. ನೊಂದವರು ಕ್ಷಮಿಸಲೇಬೇಕೆಂದು ಒತ್ತಾಯಿಸುವ ಹಕ್ಕು ಮಾತ್ರ ತಪ್ಪು ಮಾಡಿದವರಿಗಿಲ್ಲ.

ಇಷ್ಟಲಿಂಗಪೂಜೆ ನಿತ್ಯವೂ ತನ್ನನ್ನು ತಾನು ನೋಡಿಕೊಳ್ಳುವ ಹೊತ್ತು. ಅದು ಸಾಲ ತೀರಿಸದೆ ತಪ್ಪಿಸಿಕೊಳ್ಳುವ ದಾರಿಯಲ್ಲ. ಶ್ರೀಮಠಕ್ಕೆ ಕಾಣಿಕೆ ಸಲ್ಲಿಸುವ ಮುನ್ನ ತಮ್ಮನ ಮನೆಯ ಬಾಗಿಲಿಗೆ ಹೋಗಿಬರುವುದು ಒಳಿತೆಂದು ನಾವು ವಿನಯಪೂರ್ವಕವಾಗಿ ಬಿನ್ನವಿಸುತ್ತೇವೆ. ಶರಣು ಶರಣಾರ್ಥಿ.