ಟಾಮ್‌ಕ್ಯಾಟ್ ಮತ್ತು 8080ರ ಕಥೆ

ವಿಂಡೋಸ್ ಗಣಕದಲ್ಲಿ ಟಾಮ್‌ಕ್ಯಾಟ್ ಸರ್ವರ್ ಅಳವಡಿಸಿದ್ದೀರಿ, ಆದರೆ ಪುಟ ತೆರೆಯುತ್ತಿಲ್ಲ. ಜಾವಾ ಇರುವ ಫೋಲ್ಡರನ್ನು ಜಾವಾ_ಹೋಮ್ ಸರಿಯಾಗಿ ಸೂಚಿಸುತ್ತಿದ್ದರೆ, ಮುಂದಿನ ಸಂಶಯ 8080ನೆಯ ಪೋರ್ಟಿನ ಮೇಲೆ. ವೆಬ್‌ಗೆ ಗೊತ್ತುಮಾಡಿದ ಪೋರ್ಟ್ 80 ಅಲ್ಲವೆ? ಹೌದು. ಆದರೆ ಯುನಿಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ತೆರೆಯುವ ಅಧಿಕಾರ ಗಣಕದ ಮೇಲ್ವಿಚಾರಕನಿಗೆ ಮಾತ್ರ ಇತ್ತು. ಉಳಿದವರಿಗೆ 8080 ರೂಢಿಯಾಯಿತು. ಸನ್ ಸಂಸ್ಥೆಯಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದ ತಂತ್ರಾಂಶ 1999ರಲ್ಲಿ ಅಪಾಚೆಗೆ ಸೇರಿ ಟಾಮ್‌ಕ್ಯಾಟ್ ಆದಾಗಲೂ ಅದೇ ಸಂಖ್ಯೆ ಉಳಿಯಿತು. ಅಂಥ ನಿರ್ಬಂಧವೇ ಇಲ್ಲದ ವಿಂಡೋಸ್‌ಗೂ ಬಂದಿತು!

2006ರ ಒರಾಕಲ್ ಎಕ್ಸ್‌ಪ್ರೆಸ್ ಎಡಿಶನ್ ಕೂಡ 8080ನ್ನೇ ಬಳಸುತ್ತಿತ್ತು. ಎರಡನ್ನೂ ಒಂದೇ ಗಣಕದಲ್ಲಿ ಅಳವಡಿಸಿದವರು ವೃಥಾ ಜಾವಾವನ್ನು ದೂರಿದ್ದುಂಟು. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟ್ಯಾಟ್ ಆದೇಶವನ್ನು ಎ, ಎನ್, ಓ ಆಯ್ಕೆಗಳೊಡನೆ ಕೊಡಿ. ಪೋರ್ಟನ್ನು ಹಿಡಿದಿರುವ ಪ್ರೋಗ್ರಾಮಿನ ಸಂಖ್ಯೆ ಕೊನೆಯ ಅಂಕಣದಲ್ಲಿ ಕಾಣುತ್ತದೆ. ಅದನ್ನು ನಿಲ್ಲಿಸುವಂತಿಲ್ಲದಿದ್ದರೆ, ಟಾಮ್‌ಕ್ಯಾಟ್‌ನ ಸರ್ವರ್.ಎಕ್ಸ್‌ಎಮ್‌ಎಲ್ ಕಡತದಲ್ಲಿ 8080ನ್ನು 8081 ಎಂದು ತಿದ್ದಿ ಮತ್ತೆ ಚಾಲನೆ ಮಾಡಿ.