ಪ್ರಸಾರ ತರಂಗ ಯಾರ ಸೊತ್ತು?

"ಮಾಸ್ಟ್ರೇ, ನಮ್ಮ ದೇಶದವರ ಆಟ ನೋಡ್ಲಿಕ್ಕೆ ನಾವು ಯಾಕೆ ದುಡ್ಡು ಕೊಡ್ಬೇಕು?" ಮೊನ್ನೆ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಪ್ರಶ್ನೆ ಸಣ್ಣದು, ಉತ್ತರ ದೊಡ್ಡದು. ಆ ದಿನ ಪಾಠ ಬದಿಗಿಟ್ಟು ಈ ಕತೆ ಹೇಳಿದೆ. ಇಲ್ಲಿಯೂ ಬರೆಯುತ್ತಿದ್ದೇನೆ.

1993ರ ನವೆಂಬರ್. ಬಂಗಾಳ ಕ್ರಿಕೆಟ್ ಸಂಸ್ಥೆ ತನ್ನ ವಜ್ರ ಮಹೋತ್ಸವಕ್ಕೆ ಹೀರೋ ಕಪ್ ಪಂದ್ಯಾವಳಿ ಏರ್ಪಡಿಸಿತ್ತು. ಅಲ್ಲಿಯವರೆಗೆ ನಮ್ಮಲ್ಲಿ ಟಿ.ವಿ. ಎಂದರೆ ದೂರದರ್ಶನ. ಆಟ ತೋರಿಸಿದ್ದಕ್ಕೆ ಕ್ರಿಕೆಟ್ ಸಂಸ್ಥೆಗೆ ಹಣ ಕೊಡುವುದು ಹಾಗಿರಲಿ, ಪಂದ್ಯವೊಂದಕ್ಕೆ ನೀವೇ 5 ಲಕ್ಷ ರೂಪಾಯಿ ಕೊಡಬೇಕು ಎಂದಿತು ದೂರದರ್ಶನ! ಸಂಸ್ಥೆಯವರು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಕಂಪೆನಿಗೆ ಪ್ರಸಾರದ ಹಕ್ಕು ಮಾರಿದರು.

ಸರಕಾರ ಒಪ್ಪಲಿಲ್ಲ. ಅದರ ಕೈಯಲ್ಲಿದ್ದ ಆಯುಧ 1885ರ ಟೆಲಿಗ್ರಾಫ್ ಕಾಯಿದೆ. ರೇಡಿಯೋ ಹುಟ್ಟುವ ಮೊದಲೇ ಬ್ರಿಟಿಷರು ಬರೆದಿಟ್ಟ ಕಾನೂನು ಅದು. ಸಂದೇಶ ರವಾನೆಯ ಅಧಿಕಾರ ಸರಕಾರಕ್ಕೆ ಮಾತ್ರ ಎಂಬುದು ಅದರ ಸಾರ. ಕಂಪೆನಿಯ ಸಲಕರಣೆಗಳನ್ನು ಮುಂಬಯಿಯಲ್ಲಿ ಕಸ್ಟಮ್ಸ್‌ನವರು ತಡೆದರು. ಜಗಳ ಕೋಲ್ಕತ್ತದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು.

ಅತ್ತ ಮೈದಾನದಲ್ಲಿ ಆಟ ನಡೆದೇ ಇತ್ತು. ಈಡನ್ ಗಾರ್ಡನ್ಸ್‌ನ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಕ್ಕೆ ಕೊನೆಯ ಓವರಿನಲ್ಲಿ ಬೇಕಿದ್ದದ್ದು 6 ರನ್. ಚೆಂಡು ಹಿಡಿದ ಸಚಿನ್ ಕೊಟ್ಟದ್ದು ಮೂರೇ. ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 12 ರನ್ನಿಗೆ 6 ವಿಕೆಟ್ ಕಿತ್ತವರು ಬೆಂಗಳೂರಿನ ಅನಿಲ್ ಕುಂಬ್ಳೆ. ನಮ್ಮ ಕಾಸರಗೋಡಿನ ಕುಂಬಳೆ ಊರಿನ ಹೆಸರನ್ನೇ ಹೊತ್ತವರು! ನಮ್ಮ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಕಣ್ಣು ಅರಳುತ್ತದೆ.

ಆದರೆ ಆ ಕಪ್‌ಗಿಂತ ದೊಡ್ಡ ಗೆಲುವು ಬಂದದ್ದು 1995ರ ಫೆಬ್ರವರಿ 9ರಂದು. ಪ್ರಸಾರ ತರಂಗಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿ ಹೇಳುವವನ ಹಕ್ಕಿನ ಜೊತೆ ನೋಡುವವನ, ಕೇಳುವವನ ಹಕ್ಕೂ ಸೇರಿದೆ ಎಂದಿತು. ತರಂಗಗಳ ಮೇಲೆ ಸರಕಾರದ ಏಕಸ್ವಾಮ್ಯ ಸಲ್ಲದು, ಸ್ವತಂತ್ರ ಪ್ರಾಧಿಕಾರವೊಂದು ಬೇಕು ಎಂದಿತು.

ಬಾಗಿಲು ತೆರೆಯಿತು. ಒಳಗೆ ಬಂದದ್ದು ಮಾರುಕಟ್ಟೆ. ಹಣ ಕಟ್ಟುವ ಚಾನೆಲ್‌ಗಳು ಹಕ್ಕುಗಳನ್ನು ಕೊಂಡವು. ಮನೆಯ ಮಾಡಿನ ಮೇಲೆ ಆಂಟೆನಾ ಮಾತ್ರ ಇದ್ದವರ ಗತಿ? 2004ರಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹೋದಾಗ ಟೆನ್ ಸ್ಪೋರ್ಟ್ಸ್‌ನ ಪ್ರಸಾರ ದೂರದರ್ಶನಕ್ಕೂ ಸಿಗಲು ನ್ಯಾಯಾಲಯವೇ ಹೇಳಬೇಕಾಯಿತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಸರಣಿಯ ಹಕ್ಕು ನಿಂಬಸ್ ಬಳಿ ಇತ್ತು. ದಿಲ್ಲಿ ಹೈಕೋರ್ಟಿನ ಆದೇಶದಂತೆ ದೂರದರ್ಶನಕ್ಕೆ ಪ್ರಸಾರ ಸಿಕ್ಕಿತು, ಆದರೆ 7 ನಿಮಿಷ ತಡವಾಗಿ!

ಅದೇ ವರ್ಷ ಸಂಸತ್ತು ಕಾನೂನು ಮಾಡಿತು. ರಾಷ್ಟ್ರೀಯ ಮಹತ್ವದ್ದೆಂದು ಸರಕಾರ ಸೂಚಿಸಿದ ಆಟಗಳ ನೇರ ಪ್ರಸಾರವನ್ನು ಹಕ್ಕುದಾರರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಟಿ.ವಿ. ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಶೇ. 75ಕ್ಕೆ ಕಡಿಮೆಯಿಲ್ಲ, ಉಳಿದದ್ದು ಪ್ರಸಾರ ಭಾರತಿಗೆ. ಆದರೆ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಗೆರೆ ಎಳೆಯಿತು. ಹೀಗೆ ಹಂಚಿಕೊಂಡ ಪ್ರಸಾರ ದೂರದರ್ಶನದ ಆಂಟೆನಾ ಮತ್ತು ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್‌ಗೆ ಇಲ್ಲ ಎಂದಿತು. ಆಂಟೆನಾಗಳು ಮೂಲೆ ಸೇರಿದ ಮೇಲೆ ಪುಕ್ಕಟೆ ನೋಡುವವರಿಗೆ ಉಳಿದ ದಾರಿ ಫ್ರೀ ಡಿಶ್.

2022ರಲ್ಲಿ ಐಪಿಎಲ್‌ನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಐದು ಲಕ್ಷದ ಜಗಳ ಎಲ್ಲಿ, ಇದು ಎಲ್ಲಿ! ಮಾರುಕಟ್ಟೆಯಿಂದ ಲಾಭವೇ ಇಲ್ಲ ಎನ್ನಲಾರೆ. 2018ರಲ್ಲಿ ಐಪಿಎಲ್‌ಗೆ ಕನ್ನಡದ ವೀಕ್ಷಕ ವಿವರಣೆ ಬಂತು. ಗಡಿಯಾಚೆ ಇರುವ ನಮಗೆ ಅದೂ ಸಣ್ಣ ಸಂಗತಿಯಲ್ಲ.

ಆ ಹುಡುಗನಿಗೆ ಕೊನೆಗೆ ಇಷ್ಟು ಹೇಳಿದೆ: "ಆಟ ಆಡಿಸುವವರಿಗೆ ಖರ್ಚಿದೆ, ಅವರು ಹಣ ಕೇಳುವುದು ತಪ್ಪಲ್ಲ ಮಗಾ. ಆದರೆ ಆಟವನ್ನು ಹೊತ್ತು ತರುವ ತರಂಗ ನಿನ್ನದೂ ಹೌದು. ಅದನ್ನು ಮರೆಯಬೇಡ."