ಪ್ರಕ್ರಿಯಾಲಾಘವವೂ ಯಂತ್ರದ ವಾಕ್ಯವಿಶ್ಲೇಷಣೆಯೂ

ವ್ಯಾಕರಣಶಾಸ್ತ್ರದಲ್ಲಿ ಲಾಘವವು ಎರಡು ಬಗೆಯಾಗಿ ಕಂಡುಬರುತ್ತದೆ. ಸೂತ್ರದ ಅಕ್ಷರಗಳನ್ನು ಕಡಮೆ ಮಾಡುವುದು ಒಂದು. ರೂಪಸಿದ್ಧಿಗೆ ಬೇಕಾದ ಹೆಜ್ಜೆಗಳನ್ನು ಕಡಮೆ ಮಾಡುವುದು ಮತ್ತೊಂದು. ಎರಡನೆಯದಕ್ಕೆ ಪ್ರಕ್ರಿಯಾಲಾಘವವೆಂದು ಹೆಸರು. ಇವೆರಡೂ ಯಾವಾಗಲೂ ಜೊತೆಯಾಗಿ ನಡೆಯತಕ್ಕವಲ್ಲ. ಗಣಕಯಂತ್ರದಿಂದ ವಾಕ್ಯವಿಶ್ಲೇಷಣೆ ಮಾಡಿಸಿದವರ ಚರಿತ್ರೆಯಲ್ಲಿ ಈ ಭೇದವು ಸ್ಪಷ್ಟವಾಗಿ ತೋರಿದ ಸಂದರ್ಭವೊಂದುಂಟು.

1980ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಎಸ್.ಆರ್.ಐ. ಶಾಖೆಯವರು ‘ಕೋರ್ ಲ್ಯಾಂಗ್ವೇಜ್ ಎಂಜಿನ್’ ಎಂಬ ಸಾಧನಕ್ಕಾಗಿ ಇಂಗ್ಲಿಷಿನ ವಿಸ್ತಾರವಾದ ವ್ಯಾಕರಣವೊಂದನ್ನು ರಚಿಸಿದರು. ಎಲ್ಲ ವಿಷಯಗಳಿಗೂ ಸಲ್ಲುವಂತೆ ರಚಿಸಿದ ಇಂತಹ ವ್ಯಾಕರಣದಲ್ಲಿ ಹೆಜ್ಜೆಹೆಜ್ಜೆಗೂ ಅನೇಕ ಸೂತ್ರಗಳು ಪ್ರಾಪ್ತವಾಗುತ್ತವೆ. ಯಂತ್ರವು ಅವೆಲ್ಲವನ್ನೂ ಪರೀಕ್ಷಿಸಿ, ಬಹುಭಾಗವನ್ನು ಕೈಬಿಡಬೇಕಾಗುವುದರಿಂದ ಕಾಲವು ವ್ಯಯವಾಗುತ್ತದೆ.

ಇದಕ್ಕೆ ಪರಿಹಾರವಾಗಿ ಮ್ಯಾನಿ ರೇನರ್ 1988ರಲ್ಲಿ ಒಂದು ಮಾರ್ಗವನ್ನು ತೋರಿಸಿದರು. 1991ರಲ್ಲಿ ಅವರೂ ಕ್ರಿಸ್ಟರ್ ಸಾಮುಯೆಲ್ಸನ್ನರೂ ಅದನ್ನು ಮೇಲೆ ಹೇಳಿದ ಸಾಧನದಲ್ಲಿ ಅಳೆದು ನೋಡಿದರು. 1994ರಲ್ಲಿ ಸಾಮುಯೆಲ್ಸನ್ನರು ಸ್ಟಾಕ್‌ಹೋಮಿನಲ್ಲಿ ಇದೇ ವಿಷಯವಾಗಿ ಪ್ರೌಢಪ್ರಬಂಧವನ್ನು ಒಪ್ಪಿಸಿದರು. ಮಾರ್ಗವು ಇಂತಿದೆ: ವಿಮಾನಯಾನದ ವಿಚಾರಣೆಯಂತಹ ಒಂದು ವಿಷಯದ ವಾಕ್ಯಗಳನ್ನು ಮೂಲವ್ಯಾಕರಣದಿಂದಲೇ ಮೊದಲು ವಿಶ್ಲೇಷಿಸಬೇಕು. ‘ಬಾಸ್ಟನ್ನಿಗೆ ಹೋಗುವ ವಿಮಾನಗಳನ್ನು ತೋರಿಸು’ ಎಂಬ ಬಗೆಯ ವಾಕ್ಯವು ಐದಾರು ಸೂತ್ರಗಳಿಂದ ಸಿದ್ಧವಾಯಿತೆನ್ನೋಣ. ನಡುವಿನ ಹೆಜ್ಜೆಗಳನ್ನು ಲೋಪಿಸಿ, ಊರಿನ ಹೆಸರಿನಂತಹ ವಿಶೇಷಗಳನ್ನು ಸಾಮಾನ್ಯಗೊಳಿಸಿ, ಆದ್ಯಂತಗಳನ್ನು ಮಾತ್ರ ಜೋಡಿಸಿದರೆ ಒಂದೇ ಸೂತ್ರವಾಗುತ್ತದೆ. ಮುಂದೆ ಅಂತಹ ವಾಕ್ಯಕ್ಕೆ ಒಂದೇ ಹೆಜ್ಜೆ ಸಾಕು.

ಇದು ಪಾಣಿನಿಯ ನಿಪಾತನದಂತಲ್ಲವೆ ಎಂದು ವಿದ್ವಾಂಸರು ಕೇಳಬಹುದು. ‘ಕ್ಷಯ್ಯ’, ‘ಜಯ್ಯ’ ಎಂಬ ಸಿದ್ಧರೂಪಗಳನ್ನು ಸೂತ್ರಕಾರನು ಹಾಗೆಯೇ ಪಠಿಸಿರುವುದು ನಿಜ. ಆದರೆ ಉಳಿದ ಸೂತ್ರಗಳಿಂದ ಸಿದ್ಧಿಸದಿರುವುದಕ್ಕೇ ಅಲ್ಲಿ ನಿಪಾತನ. ಯಂತ್ರವು ಕಲಿತ ಸೂತ್ರವಾದರೋ ಮೂಲದಿಂದ ಸಿದ್ಧಿಸುವುದನ್ನೇ ಮತ್ತೆ ಹೇಳುತ್ತದೆ. ಪಾಣಿನಿಯ ಪದ್ಧತಿಯಲ್ಲಿ ಅದು ವ್ಯರ್ಥಸೂತ್ರ. ಪ್ರಕ್ರಿಯೆಯ ದೃಷ್ಟಿಯಲ್ಲಿ ಅದೇ ಉಪಕಾರಕ. ಗ್ರಂಥಗೌರವವನ್ನು ಸಹಿಸಿ ಪ್ರಕ್ರಿಯಾಲಾಘವವನ್ನು ಪಡೆಯುವುದೇ ಇಲ್ಲಿಯ ಮರ್ಮ.

ಆ ಗೌರವಕ್ಕೂ ಮಿತಿಯುಂಟು. ಕಲಿತ ಸೂತ್ರಗಳು ಮಿತಿಮೀರಿದರೆ ಅವುಗಳನ್ನು ಹುಡುಕುವ ಕಾಲವೇ ಉಳಿಸಿದ ಕಾಲವನ್ನು ನುಂಗುವುದೆಂದು ಸ್ಟೀವನ್ ಮಿಂಟನ್ 1988ರಲ್ಲಿಯೇ, ಇಂತಹ ಕಲಿಕೆಯನ್ನು ಕುರಿತು ಸಾಮಾನ್ಯವಾಗಿ ತೋರಿಸಿದ್ದರು. ಆದುದರಿಂದ ಸಾಮುಯೆಲ್ಸನ್ನರು, ಮುಂದೆ ಯಾವ ಸೂತ್ರವು ಬರುವುದೆಂಬ ಅನಿಶ್ಚಯವು ಎಲ್ಲಿ ಹೆಚ್ಚೋ ಅಲ್ಲಿ ವಿಶ್ಲೇಷಣವೃಕ್ಷವನ್ನು ಕತ್ತರಿಸಿ ಬಿಡಿ ಸೂತ್ರಗಳನ್ನು ಮಾಡಿದರು. ಉದಾಹರಣೆಗಳಲ್ಲಿ ಕಾಣದ ರಚನೆಯು ಬಂದರೆ ಕಲಿತ ಸೂತ್ರಗಳು ಕೈಕೊಡಬಹುದು; ಆಗ ಮೂಲವ್ಯಾಕರಣವೇ ಶರಣು.

ಅನಂತರ ಕಾಲಗತಿಯು ಬೇರೆಯಾಯಿತು. 1996ರಲ್ಲಿ ಯೂಜೀನ್ ಚಾರ್ನಿಯಾಕ್, ಪಂಡಿತರ ವ್ಯಾಕರಣವನ್ನು ಬಿಟ್ಟು, ಜನರು ವಿಶ್ಲೇಷಿಸಿಟ್ಟ ವಾಕ್ಯಸಂಗ್ರಹದಿಂದಲೇ ಸೂತ್ರಗಳನ್ನು ನೇರವಾಗಿ ಎತ್ತಿಕೊಂಡರು. ಆದರೂ ಆ ವಾಕ್ಯಗಳನ್ನು ವಿಶ್ಲೇಷಿಸಿದವರ ಮುಂದೆ ಒಂದು ವ್ಯಾಕರಣದೃಷ್ಟಿಯು ಇದ್ದೇ ಇತ್ತು. ಹತ್ತಿರದ ದಾರಿಯು ವೇಗವನ್ನು ಕೊಡಬಲ್ಲುದು. ಅದು ಸರಿಯಾದ ಊರಿಗೇ ಮುಟ್ಟಿತೆಂಬುದಕ್ಕೆ ಪ್ರಮಾಣವನ್ನು ಮಾತ್ರ ಶಾಸ್ತ್ರವೇ ಕೊಡಬೇಕು. ವ್ಯಾಕರಣವನ್ನು ಬೋಧಿಸುವವರು ಈ ವಿವೇಕವನ್ನು ಬಿಡಲಾಗದು.